ಹತ್ತನೇ ದಿನ ಹಾಸಿಗೆ ಪಕ್ಕ ಯಾರಿರಬೇಕು: ಬೀದರಿನ ನಮ್ಮ ಕ್ರೈಸ್ತ ಸಭೆಯ ರೂಢಿ

ವಿಶ್ವಾಸಿಯೊಬ್ಬರು ದವಾಖಾನೆ ಸೇರಿದರೆ ಮೊದಲ ಎರಡು ದಿನ ಹಾಸಿಗೆ ಸುತ್ತ ನಿಲ್ಲಲು ಜಾಗ ಇರುವುದಿಲ್ಲ. ಹತ್ತನೇ ದಿನಕ್ಕೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಮರಳಿರುತ್ತಾರೆ; ಆ ಮನೆಯಲ್ಲಿ ಕೂಲಿ ನಿಂತು, ಜೋಳದ ಹಿಟ್ಟಿನ ಡಬ್ಬಿ ಖಾಲಿಯಾಗಿರುತ್ತದೆ. ಆದ್ದರಿಂದ ರೋಗಿಗೂ ಮನೆಯವರಿಗೂ ನೆರವಾಗುವ ನಮ್ಮ ಪಾಳಿ ಮೂರನೇ ದಿನ ಶುರುವಾಗಿ 6 ವಾರ ನಡೆಯುತ್ತದೆ.

ಒಂದು ಮನೆಗೆ ನಾಲ್ವರು. ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರೂ ನಾಲ್ವರೇ. ರಾತ್ರಿ ಕಾಯಲು ಒಬ್ಬರು, ಬುತ್ತಿಗೆ ಒಬ್ಬರು, ಕಾಗದಪತ್ರಕ್ಕೆ ಒಬ್ಬರು, ಮನೆಯಲ್ಲಿ ಉಳಿದ ಮಕ್ಕಳು ಮತ್ತು ಮುದುಕರಿಗೆ ಒಬ್ಬರು. ಹೆಂಗಸರ ವಾರ್ಡಿಗೆ ಅಕ್ಕಂದಿರೇ. ಒಬ್ಬರನ್ನೇ ಸತತ ಎರಡು ರಾತ್ರಿ ಕೂರಿಸುವುದಿಲ್ಲ. ನಿದ್ದೆಗೆಟ್ಟವರು ಸಲೈನ್ ಬಾಟಲಿ ಮುಗಿದದ್ದನ್ನೂ ಗಮನಿಸುವುದಿಲ್ಲ.

ಹೆಚ್ಚು ತಪ್ಪಾಗುವುದು ಬುತ್ತಿಯಲ್ಲಿ. ಪ್ರೀತಿಯಿಂದ ತಂದ ಶಿರಾ ಸಕ್ಕರೆ ಕಾಯಿಲೆಯವರಿಗೆ ಕೆಡುಕು. ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು, ಕಿಡ್ನಿ ಕೆಟ್ಟವರಿಗೆ ಅದು ಅಪಾಯ. ಏನು ಕೊಡಬಹುದೆಂದು ನರ್ಸಮ್ಮನನ್ನು ಕೇಳಿ ಬರೆದುಕೊಂಡ ಮೇಲೆಯೇ ಒಲೆ ಹಚ್ಚಬೇಕು. ರೋಗಿಗಿಂತ ಪಕ್ಕದಲ್ಲಿ ಕೂತವರು ಹಸಿದಿರುವುದೇ ಹೆಚ್ಚು, ಅವರಿಗೂ ನಾಲ್ಕು ರೊಟ್ಟಿ, ಪಲ್ಯ ಇರಲಿ.

ಕಾಗದ ನೋಡುವವರ ಚೀಲದಲ್ಲಿ ರೇಷನ್ ಕಾರ್ಡ್, ಆಧಾರ್ ಪ್ರತಿಗಳು. ಸರಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ದವಾಖಾನೆಗೆ ಹೋಗುವ ಮೊದಲು ಸರಕಾರಿ ದವಾಖಾನೆಯ ರೆಫರಲ್ ಪತ್ರ ಕೇಳಬೇಕು. ಗಾಬರಿಯಲ್ಲಿ ನೇರ ಹೈದರಾಬಾದಿಗೆ ಓಡಿದವರು ಸಾಲ ಮಾಡಿಕೊಳ್ಳುವುದು ಇಲ್ಲಿಯೇ. ಯುವಕರ ರಕ್ತದ ಗುಂಪು, ಹಿಂದೆ ಕೊಟ್ಟ ತಾರೀಖು ಸಭೆಯ ವಹಿಯಲ್ಲಿರಲಿ: ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು.

ಹಣವನ್ನು ಇಬ್ಬರು ಎಣಿಸಿ, ವಹಿಯಲ್ಲಿ ಬರೆದು, ಮನೆಯ ಹಿರಿಯರ ಕೈಗೆ ಸದ್ದಿಲ್ಲದೆ ಕೊಡುತ್ತೇವೆ. ಆರಾಧನೆಯಲ್ಲಿ ಮೊತ್ತ ಹೇಳಿದರೆ ತೆಗೆದುಕೊಂಡವರು ಮುಂದಿನ ಭಾನುವಾರ ಹಿಂದಿನ ಸಾಲಿಗೆ ಹೋಗಿ ಕೂರುತ್ತಾರೆ. ರೋಗದ ಹೆಸರೂ ಹಾಗೆಯೇ. ಪ್ರಾರ್ಥನಾ ವಿಷಯ ಅಂತ ವಾಟ್ಸಾಪಿಗೆ ಹಾಕಿದ್ದು ಸಂಜೆಯೊಳಗೆ ಓಣಿಯ ಮಾತಾಗಿಬಿಡುತ್ತದೆ. ಮೊದಲು ಮನೆಯವರನ್ನು ಕೇಳಿ, ಅವರು ಹೇಳಬಹುದು ಅಂದಷ್ಟನ್ನೇ ಹೇಳಿ. ಹಾಸಿಗೆ ಪಕ್ಕದ ಪ್ರಾರ್ಥನೆ ಎರಡು ನಿಮಿಷ, ಮೆಲುದನಿಯಲ್ಲಿ. ವಾರ್ಡಿನಲ್ಲಿ ಬೇರೆ ರೋಗಿಗಳೂ ಇದ್ದಾರೆ.

ಆರು ವಾರ ಮುಗಿದಾಗ ಗುಣವಾದವರಿಗೇ ಒಂದು ಕೆಲಸ ಕೇಳುತ್ತೇವೆ. ಬರೀ ತೆಗೆದುಕೊಂಡವರಿಗೆ ಋಣದ ಭಾರ ಉಳಿಯುತ್ತದೆ, ಸಮಾನರ ಗೆಳೆತನ ಬೆಳೆಯುವುದಿಲ್ಲ. ನಡೆಯಲಾರದ ಕಾಕಾ ಮುಂದಿನ ಪಾಳಿಯವರಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ ನೆನಪಿಸಬಹುದು.