ಹಿಂದೆ ಹಾಡುವವನ ದನಿ

ಅವನೊಬ್ಬನೇ ಹಾಡಿದ ಕ್ಯಾಸೆಟ್ ಒಂದೂ ಇಲ್ಲ. ನನ್ನ ದೋಸ್ತ ಪದ ಎತ್ತುವವನಲ್ಲ, ಹಿಂದೆ ಹಾಡುವವನು. ಕೈಯಲ್ಲಿ ದಮ್ಮಡಿ, ಅಂದರೆ ಗೆಜ್ಜೆ ಕಟ್ಟಿದ ಸಣ್ಣ ಚರ್ಮವಾದ್ಯ. ಮುಂದಿನವರು ಸಾಲು ಬಿಟ್ಟ ಕೂಡಲೇ ಎತ್ತಿಕೊಂಡು, ಅವರು ಉಸಿರು ತೆಗೆದುಕೊಳ್ಳುವ ತನಕ ಹಿಡಿದು ನಿಲ್ಲಿಸುತ್ತಿದ್ದ. ಹಿಂದಿನವರು ಸೋತರೆ ಭಜನೆ ಬೆಳಗಿನ ತನಕ ನಡೆಯುವುದಿಲ್ಲ, ಕೂತು ಹಾಡಿದವರಿಗೆ ಇದು ಗೊತ್ತು.

ನಾನು ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದೆ. ನಮ್ಮೂರು ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯದು. ಅಮಾವಾಸ್ಯೆ ಬಂತೆಂದರೆ ಮಠದಲ್ಲಿ ರಾತ್ರಿಯಿಡೀ ತತ್ವಪದ. ಕಡಕೋಳ ಮಡಿವಾಳಪ್ಪನವರ ಪದ ಮುಗಿದರೆ ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದ ಶುರು. ನಡುವೆ ಸೂಸಲ, ಮಿರ್ಚಿ, ಚಹಾ. ಮೊಹರಂನಲ್ಲಿ ಇದೇ ಜನ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ರಿವಾಯತ ಹಾಡುತ್ತಿದ್ದರು. ಹಸನ್ ಹುಸೇನರ ಕತೆ, ನಮ್ಮ ಕನ್ನಡದಲ್ಲೇ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಪದದಲ್ಲೇ ಉತ್ತರ ಕೊಡಬೇಕು. ನನ್ನ ದೋಸ್ತ ಎರಡು ಕಡೆಗೂ ಬೇಕಾದವನು.

ಒಂದು ಜಾತ್ರೆಯ ರಾತ್ರಿ ಯಾರದೋ ಜಗಳ ಬಿಡಿಸಲು ಹೋಗಿ ಚೂರಿ ಇರಿತಕ್ಕೆ ಸತ್ತ. ಆ ರಾತ್ರಿಯ ಬಗ್ಗೆ ಜಾಸ್ತಿ ಬರೆಯಲಾರೆ. ಆಮೇಲೆ ಮೇಳ ಉಳಿಯಲಿಲ್ಲ. ಸಾಕ್ಷಿ ಹೇಳಬೇಕಾದವರೂ ಮೇಳದವರೇ, ಕೇಸಿನಲ್ಲಿ ಹೆಸರು ಬಂದವನ ಮನೆಯವರೂ ಮೇಳದವರೇ. ಒಂದೇ ಚಾಪೆ ಮೇಲೆ ಮತ್ತೆ ಕೂರುವುದು ಹೇಗೆ?

ಬಹಳ ವರ್ಷ ಬಿಟ್ಟು, ಆಗ ರೆಕಾರ್ಡ್ ಮಾಡಿದ್ದ ನಮ್ಮ ಮೇಳದ ಕ್ಯಾಸೆಟ್ ಹುಡುಕಲು ಹೊರಟೆ. ನೆಟ್ಟಗೆ ಓಡುವ ಡೆಕ್ ಸಿಗುವುದೇ ಕಷ್ಟವಾಯಿತು. ಕಲಬುರಗಿಯ ರಿಪೇರಿ ಅಂಗಡಿಗಳನ್ನು ಸುತ್ತಿ, ಕೊನೆಗೆ ಒಂದು ಹಳೆಯದಕ್ಕೆ ಹೊಸ ಬೆಲ್ಟ್ ಹಾಕಿಸಿದೆ. ಕ್ಯಾಸೆಟ್‌ಗಳು ಅಟ್ಟದ ಮೇಲೆ, ಜೋಳದ ಚೀಲಗಳ ನಡುವೆ ಇದ್ದವು. ಸಿಕ್ಕ ಕೂಡಲೇ ಪ್ಲೇಯರ್‌ಗೆ ಹಾಕಬಾರದು. ಟೇಪಿನ ಅಂಚಿಗೆ ಬಿಳಿ ಪುಡಿ ಕಂಡರೆ ಅದು ಬೂಸ್ಟು, ಬೇರೆ ಇಡಬೇಕು. ಕ್ಯಾಸೆಟ್‌ನ ಬಾಯಿಯಲ್ಲಿ ಇಣುಕಿದರೆ ತಾಮ್ರದ ಬಣ್ಣದ ಪಟ್ಟಿಗೆ ಅಂಟಿದ ಪುಟ್ಟ ಬಟ್ಟೆ ತುಣುಕು ಇರುತ್ತದೆ. ಟೇಪನ್ನು ಹೆಡ್‌ಗೆ, ಅಂದರೆ ಡೆಕ್‌ನಲ್ಲಿ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಉದುರಿಹೋಗಿದ್ದರೆ ದನಿ ಮಂಕಾಗುತ್ತದೆ. ಇನ್ನೊಂದು ಕ್ಯಾಸೆಟ್‌ನ ಡಬ್ಬಿಗೆ ಎರಡೂ ಸುರುಳಿಗಳನ್ನು ಬದಲಿಸಿದರೆ ಸರಿ. ಹೆಡ್ ಒರೆಸಲು ಹತ್ತಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಹೆಡ್ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ವಾಲಿತ್ತೋ ಇದೂ ಅಷ್ಟೇ ವಾಲಬೇಕು. ನಾನು ಹಾಡು ಕೇಳುತ್ತಾ ತಿರುಗಿಸಲಿಲ್ಲ, ತಾಳ ಕೇಳುತ್ತಾ ತಿರುಗಿಸಿದೆ. ತಾಳದ ಝಣತ್ಕಾರ ಚೂಪಾಗಿ ಕೇಳಿಸಿದ ಜಾಗದಲ್ಲಿ ನಿಲ್ಲಿಸಿದರೆ ಉಳಿದದ್ದೆಲ್ಲ ತಾನೇ ಸರಿಹೋಗುತ್ತದೆ.

ಹೆಚ್ಚು ಕಾಡಿದ್ದು ವೇಗ. ಆಗ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ರೆಕಾರ್ಡಿಂಗ್ ಎಲ್ಲ ಸೆಲ್ ಮೇಲೆ. ರಾತ್ರಿ ಕಳೆದಂತೆ ಸೆಲ್ ಸೋಲುತ್ತದೆ, ಟೇಪು ನಿಧಾನ ಓಡುತ್ತದೆ. ಅದನ್ನು ಈಗ ಸರಿಯಾದ ವೇಗದಲ್ಲಿ, ಅಂದರೆ ಸೆಕೆಂಡಿಗೆ 4.76 ಸೆಂಟಿಮೀಟರ್‌ನಲ್ಲಿ ಓಡಿಸಿದರೆ ದನಿ ಮೇಲೇರುತ್ತದೆ. ಬೆಳಗಿನ ಜಾವದ ಪದಗಳಲ್ಲಿ ನನ್ನ ದೋಸ್ತ ಸಣ್ಣ ಹುಡುಗಿಯ ಹಾಗೆ ಕೇಳುತ್ತಿದ್ದ. ನಗು ಬಂತು, ಆಮೇಲೆ ಸಂಕಟವೂ ಆಯಿತು. ದಾರಿ ತೋರಿಸಿದ್ದು ಮಠದ ಪೇಟಿ. ಅದೇ ಪೇಟಿ ಇನ್ನೂ ಇದೆ, ಅವೇ ರೀಡುಗಳು. ಟೇಪಿನ ದನಿ ಇಳಿಸಿಕೊಂಡಿದ್ದ ಲ್ಯಾಪ್‌ಟಾಪ್ ಅಲ್ಲಿಗೇ ಒಯ್ದೆ. ಒಂದು ಕೈಯಲ್ಲಿ ಕರಿ ಎರಡು, ಅಂದರೆ ಪೇಟಿಯ ಎರಡನೇ ಕಪ್ಪು ಮನೆ, ಒತ್ತಿ ಹಿಡಿದು, ಟೇಪಿನೊಳಗಿನ ಪೇಟಿಯ ಷಡ್ಜ ಇದಕ್ಕೆ ಕೂಡುವ ತನಕ ಅಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ವೇಗ ಇಳಿಸುತ್ತಾ ಬಂದೆ. ಪೇಟಿ ಕೂಡಿತು. ಅವನ ದನಿಯೂ ಅವನದಾಯಿತು.

ಗದ್ದಲ ತೆಗೆಯುವ ಫಿಲ್ಟರ್ ಹಾಕಲಿಲ್ಲ. ಅದು ಸುಂಯ್ ಸದ್ದಿನ ಜೊತೆ ದಮ್ಮಡಿಯ ಗೆಜ್ಜೆಯನ್ನೂ ತಿನ್ನುತ್ತದೆ. ಮಕ್ಕಳ ಅಳು, ಕೆಮ್ಮು, "ಚಾ ತಗೋರಿ" ಎನ್ನುವ ಕೂಗು ಎಲ್ಲ ಹಾಗೇ ಇದೆ. ಮೂಲ ಪ್ರತಿ ವೇವ್ ಫೈಲ್‌ನಲ್ಲಿ, ವಾಟ್ಸ್ಆ್ಯಪ್‌ಗೆ ಎಂಪಿ3.

ಎಲ್ಲಕ್ಕಿಂತ ಚೆನ್ನಾಗಿ ಉಳಿದ ಕ್ಯಾಸೆಟ್ ಇದ್ದದ್ದು, ಕೇಸಿನಲ್ಲಿ ಹೆಸರು ಬಂದವನ ಮನೆಯಲ್ಲಿ. ಹೋಗಲೋ ಬೇಡವೋ ಎಂದು ಬಹಳ ಯೋಚಿಸಿದೆ. ಹೋದೆ. ಆ ಮನೆಯ ಅಜ್ಜಿ ಕೂರಿಸಿ ನೀರು ಕೊಟ್ಟರು. ಕ್ಯಾಸೆಟ್ ಸೆರಗಿನಿಂದ ಒರೆಸಿ ಕೈಗಿಟ್ಟು, "ನಮ್ ಹುಡುಗುರ್ ದನೀನೂ ಐತಿ ಇದರಾಗ" ಅಂದರು. ನಿಜ. ಮುಂದೆ ಪದ ಎತ್ತಿದ್ದು ಆ ಮನೆಯ ಹಿರಿಮಗ, ಹಿಂದೆ ಹಿಡಿದದ್ದು ನನ್ನ ದೋಸ್ತ.

ಈ ವಿಷಯ ತಿಳಿದ ದೋಸ್ತನ ತಮ್ಮ, ಆ ಮನೆಯವರ ದನಿ ತೆಗೆದು ಅಣ್ಣನದಷ್ಟೇ ಕೊಡು ಎಂದ. ಅವನ ಸಿಟ್ಟು ತಪ್ಪು ಎನ್ನಲಾರೆ. ಈಗ ದನಿ ಬಿಡಿಸುವ ಸಾಫ್ಟ್‌ವೇರ್‌ಗಳೂ ಬಂದಿವೆ. ಆದರೆ ಮುಂದಿನ ಸಾಲು ಕತ್ತರಿಸಿದರೆ ನಿನ್ನ ಅಣ್ಣ ಯಾವ ಸಾಲನ್ನು ಎತ್ತಿಕೊಳ್ಳಬೇಕು ಎಂದು ಕೇಳಿದೆ. ಸುಮ್ನೆ ಕೂತ. ಹೋಗುವಾಗ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡ. ಕೇಳಿದನೋ ಇಲ್ಲವೋ ನಾನು ವಿಚಾರಿಸಿಲ್ಲ.

ಪಕ್ಕದ ಊರಿನ ಒಂದು ಮನೆಯಲ್ಲಿ ಇನ್ನೊಂದಿಷ್ಟು ಮೊಹರಂ ಕ್ಯಾಸೆಟ್ ಇವೆಯಂತೆ. ಸೋರುವ ಮನೆ, ಮಳೆ ಹಿಡಿಯುವ ಮುಂಚೆ ಹೋಗಿ ತರಬೇಕು.