ಅಕ್ವೇರಿಯಂ ಗಾಜಿಗೆ ಸೋಪು ಮುಟ್ಟಿಸಬೇಡಿ

ಕಳೆದ ತಿಂಗಳು ಸೋದರಸೊಸೆಯ ಮನೆಗೆ ಹೋಗಿದ್ದಾಗ, ಆಕೆ ಅಕ್ವೇರಿಯಂ ಗಾಜಿನ ಮೇಲೆ ಕಿಟಕಿ ಒರೆಸುವ ದ್ರವವನ್ನು ಸಿಂಪಡಿಸುತ್ತಿದ್ದುದನ್ನು ಕಂಡು ಕಾಫಿ ಲೋಟ ಕೆಳಗಿಡುವಷ್ಟು ತಾಳ್ಮೆಯೂ ನನಗೆ ಉಳಿಯಲಿಲ್ಲ. ಮುಚ್ಚಳ ಅರ್ಧ ತೆರೆದೇ ಇತ್ತು. ಅಂಥ ಅನೇಕ ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಅದು ನೀರಿಗೆ ಬಿದ್ದರೆ ಮೀನಿನ ಕಿವಿರು ಸುಡುತ್ತದೆ. ಪಾತ್ರೆ ತೊಳೆಯುವ ಸೋಪೂ ಕೂಡದು. ನೈಸರ್ಗಿಕವೆಂದು ಅಂಟುವಾಳದ ನೀರು ಹಚ್ಚುವವರನ್ನು ಕಂಡರಂತೂ ನನಗೆ ಸಿಟ್ಟೇ ಬರುತ್ತದೆ. ಅಂಟುವಾಳಕ್ಕೆ ನೊರೆ ಕೊಡುವ ಸಪೋನಿನ್ ಮೀನಿಗೆ ವಿಷ. ಹಿಂದಿನವರು ಹಳ್ಳದ ಮೀನಿಗೆ ಮತ್ತೇರಿಸಿ ಹಿಡಿಯಲು ಇಂಥ ಕಾಯಿಗಳನ್ನೇ ಜಜ್ಜಿ ನೀರಿಗೆ ಹಾಕುತ್ತಿದ್ದರು.

ಮಗ ಚಿಕ್ಕವನಿದ್ದಾಗ ಕಬ್ಬನ್ ಪಾರ್ಕಿನ ಮತ್ಸ್ಯಾಲಯ ನೋಡಿ ಬಂದು ಮೂರು ದಿನ ಹಟ ಹಿಡಿದ ಮೇಲೆ ನಮ್ಮ ಮನೆಗೂ ಎರಡಡಿಯ ತೊಟ್ಟಿ ಬಂದಿತು. ನಮ್ಮದು ಬೋರ್‌ವೆಲ್ ನೀರು; ನೀರು ಆರಿ ಇಳಿದಂತೆಲ್ಲ ಗಾಜಿನ ಮೇಲೆ ಬಿಳಿಯ ಸುಣ್ಣದ ಪಟ್ಟಿ ಉಳಿಯುತ್ತಿತ್ತು. ನಮ್ಮ ಯಜಮಾನರು ಅದನ್ನು ಬ್ಲೇಡಿನಿಂದ ಕೆರೆಯಲು ಹೋಗಿ ಮೂಲೆಯ ಸಿಲಿಕೋನ್ ಅಂಟನ್ನೇ ಸೀಳಿಬಿಟ್ಟರು. ರಾತ್ರಿಯೆಲ್ಲ ಹನಿಹನಿಯಾಗಿ ಸೋರಿ, ಬೆಳಿಗ್ಗೆ ಎದ್ದರೆ ಹಜಾರದ ತುಂಬ ನೀರು. ಅಂದಿನಿಂದ ಆ ಕೆಲಸ ನನ್ನದಾಯಿತು.

ಮೊದಲು ಹೀಟರ್ ಮತ್ತು ಫಿಲ್ಟರಿನ ಪ್ಲಗ್ ಕಿತ್ತು, ಕೈಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದುಕೊಂಡು, ಹೀಟರ್ ಆರಲು ಕಾಲು ಗಂಟೆ ಬಿಡಬೇಕು. ಬಿಸಿ ಹೀಟರ್ ನೀರಿನಿಂದ ಹೊರಗುಳಿದರೆ ಒಡೆಯುತ್ತದೆ. ಆಮೇಲೆ ಬಿಳಿ ಪಟ್ಟಿಗಿಂತ ನಾಲ್ಕು ಬೆರಳು ಕೆಳಗಿಳಿಯುವಷ್ಟು ನೀರನ್ನು ಬಕೆಟ್ಟಿಗೆ ತೆಗೆದಿಡಿ. ಈಗ ಬೇಕಾದುದು ಹಳೆಯ ಪಂಚೆಯ ತುಂಡು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಮನೆಯ ಒರೆಸುವ ಬಟ್ಟೆಯಲ್ಲಿ ಸೋಪು ಉಳಿದಿರುತ್ತದೆ. ಆದ್ದರಿಂದ ಒಂದು ತುಂಡನ್ನು ಬಿಸಿನೀರಿನಲ್ಲಿ ನಾಲ್ಕಾರು ಸಲ ಜಾಲಿಸಿ ಇದಕ್ಕೆಂದೇ ಎತ್ತಿಟ್ಟಿರಬೇಕು. ಅದನ್ನು ಎರಡು ಬೆರಳು ಅಗಲಕ್ಕೆ ಹರಿದು, ಅಡುಗೆಯ ಬಿಳಿ ವಿನೆಗರಿನಲ್ಲಿ ಅದ್ದಿ, ಎತ್ತಿ ಹಿಡಿದರೆ ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಗಾಜಿನ ಒಳಬದಿಯ ಪಟ್ಟಿಯ ಮೇಲೆ ಒಂದು ತುದಿಯಿಂದ ಹೆಬ್ಬೆರಳಿನಲ್ಲಿ ಒತ್ತುತ್ತ ಅಂಟಿಸಿ. ಕಣ್ಣು ಹತ್ತಿರ ತಂದು ನೋಡಿದರೆ ಬಟ್ಟೆಯಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ. ಸುಣ್ಣ ಕರಗುತ್ತಿದೆಯೆಂದು ಅರ್ಥ. ಹುಳಿಗೆ ತರಕಾರಿ ಹೆಚ್ಚುವಷ್ಟು ಹೊತ್ತು ಅದನ್ನು ಮುಟ್ಟಬೇಡಿ. ಐದು ನಿಮಿಷಕ್ಕೇ ಎತ್ತಿ ನೋಡಿ, ಹೋಗಲಿಲ್ಲವೆಂದು ಉಕ್ಕಿನ ನಾರು ಹಿಡಿಯುವವರೇ ಗಾಜಿಗೆ ಗೀರು ಹಾಕುವವರು. ಬಳಿಕ ಅವಧಿ ಮುಗಿದ ಬ್ಯಾಂಕ್ ಕಾರ್ಡನ್ನು ಓರೆಯಾಗಿ ಹಿಡಿದು, ಪುಡಿ ನೀರಿಗೆ ಬೀಳದಂತೆ ಕೆಳಗಿನಿಂದ ಮೇಲಕ್ಕೆ ಕೆರೆಯಿರಿ. ಬಕೆಟ್ಟಿನಿಂದ ಒಂದು ಮಗ್ಗಿನಲ್ಲಿ ನೀರು ತೆಗೆದುಕೊಂಡು, ಬೇರೆ ಬಟ್ಟೆಯನ್ನು ಅದರಲ್ಲೇ ಅದ್ದಿ ಹಿಂಡುತ್ತ ಮೂರು ಸಲ ಒರೆಸಿ, ಮೂಸಿ ನೋಡಿ. ಹುಳಿ ವಾಸನೆ ಇದ್ದರೆ ನಾಲ್ಕನೆಯ ಸಲವೂ ಒರೆಸಬೇಕು. ಬಚ್ಚಲಿನ ಗಾಜಿನ ಬಾಗಿಲಿಗೂ ಇದೇ ವಿನೆಗರ್ ಬಟ್ಟೆ ನಡೆಯುತ್ತದೆ.

ನೀರಿನೊಳಗಿನ ಹಸಿರು ಪಾಚಿಗೆ ಅದೇ ಕಾರ್ಡು ಸಾಕು. ಮರಳು ಸಿಕ್ಕಿಕೊಂಡರೆ ಗೀರು ಬೀಳುತ್ತದೆ, ತಳದ ಹತ್ತಿರ ನಿಧಾನವಾಗಿರಲಿ. ಗಾಜಿನ ಬದಲು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ತೊಟ್ಟಿಯಾದರೆ ಮೆತ್ತನೆಯ ಬಟ್ಟೆ ಮಾತ್ರ. ಹೊರಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಉಜ್ಜಿದರೆ ಮುಗಿಯಿತು.

ಒರೆಸಿದ ಮಗ್ಗಿನ ನೀರನ್ನು ಚೆಲ್ಲಿಬಿಡಿ. ಬಕೆಟ್ಟಿನಲ್ಲಿ ಉಳಿದ ನೀರಿನಲ್ಲೇ ಫಿಲ್ಟರಿನ ಸ್ಪಂಜನ್ನು ಹಿಂಡಿ. ನಲ್ಲಿಯ ನೀರಿನ ಕ್ಲೋರಿನ್ ತಗುಲಿದರೆ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಗೆ ತುಂಬುವ ಹೊಸ ನೀರಿಗೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರವ ಬೆರೆಸಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿದೆಯೇ ಎಂದು ಬೆರಳದ್ದಿ ನೋಡಿ, ಗಾಜಿನ ಗೋಡೆಗುಂಟ ನಿಧಾನವಾಗಿ ಸುರಿಯಿರಿ. ಹೀಟರ್ ಪೂರ್ತಿ ಮುಳುಗಿದ ಮೇಲೆಯೇ ಪ್ಲಗ್ ಹಾಕಿ.