ಸಾಂತಾ ಲುಜೀಯಾ: ಒಂದೇ ಊರಲ್ಲಿ ಉಳಿದು ಕಳೆದ ರಜೆ

ಇಬ್ಬರೂ ನಿವೃತ್ತರಾದ ಮೇಲೆ ನಮ್ಮನೆಯವರಿಗೂ ನನಗೂ ಒಂದೇ ಆಸೆ ಇತ್ತು. ಹೊರದೇಶದ ಯಾವುದಾದರೂ ಕಡಲೂರಿಗೆ ಹೋಗಬೇಕು, ಅಲ್ಲೇ ಇದ್ದುಬಿಡಬೇಕು. ಬೆಳಗಾದರೆ ಬಸ್ಸು ಹತ್ತು, ಸಂಜೆ ಹೊಸ ಹೋಟೆಲಲ್ಲಿ ಬ್ಯಾಗು ಇಳಿಸು ಅನ್ನುವ ಪ್ಯಾಕೇಜ್ ಟೂರ್ ಬೇಡ. ಕೊನೆಗೆ ಆರಿಸಿಕೊಂಡದ್ದು ಪೋರ್ಚುಗಲ್‌ನ ದಕ್ಷಿಣದ ಅಲ್ಗಾರ್ವ್ ಸೀಮೆಯ ಸಾಂತಾ ಲುಜೀಯಾ. ತವೀರಾ ಪಟ್ಟಣದ ಪಕ್ಕದ ಪುಟ್ಟ ಮೀನುಗಾರರ ಹಳ್ಳಿ ಅದು.

ಅಲ್ಗಾರ್ವ್ ಅಂದರೆ ಎಲ್ಲರೂ ತೋರಿಸುವುದು ಪಶ್ಚಿಮದ ಹಳದಿ ಬಂಡೆಗಳ ಫೋಟೋ. ಅಲ್ಲಿ ಬೀಚಿಗೆ ಇಳಿಯಲು ಮೆಟ್ಟಿಲೋ ಮೆಟ್ಟಿಲು. ಪೂರ್ವದ ಕಡೆ ನೆಲ ಸಮತಟ್ಟು. ನಮ್ಮ ಮಂಡಿಗಳಿಗೆ ಅದೇ ಸರಿ. ಊರಿಗೂ ಸಮುದ್ರಕ್ಕೂ ನಡುವೆ ರಿಯಾ ಫೊರ್ಮೋಜಾ ಎಂಬ ಉಪ್ಪುನೀರಿನ ಹಿನ್ನೀರು, ಅದರಾಚೆ ಉದ್ದಕ್ಕೆ ಮರಳಿನ ದ್ವೀಪಗಳು. 1987ರಿಂದ ಇದು ರಕ್ಷಿತ ಪ್ರಕೃತಿ ಉದ್ಯಾನ.

ಒಂದೇ ಊರಲ್ಲಿ ಇರುವುದರಿಂದ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯೂ ಸುಲಭವಾಯಿತು. ಒಂದು ಮನೆಯ ಬುಕಿಂಗ್, ವಿಮಾನದ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯುರೋ ಮೊತ್ತದ ಪ್ರಯಾಣ ವಿಮೆ, ಇಷ್ಟೇ ಮುಖ್ಯ. ಲಿಸ್ಬನ್‌ನಿಂದ ಫಾರೋಗೆ ರೈಲು, ಅಲ್ಲಿಂದ ತವೀರಾಕ್ಕೆ ಇನ್ನೊಂದು. 65 ದಾಟಿದವರಿಗೆ ಅಲ್ಲಿನ ರೈಲಿನಲ್ಲಿ ಅರ್ಧ ದರ. ಪಾಸ್‌ಪೋರ್ಟ್ ತೋರಿಸಿ ಕೇಳಿ, ಸಂಕೋಚ ಬೇಡ.

ಮನೆ ಹಿಡಿಯುವಾಗ ನಾನು ಹಟ ಹಿಡಿದದ್ದು ಅಡುಗೆಮನೆಗಾಗಿ. ನಾವು ಮಂಗಳೂರಿನವರು. ಮೀನಿನ ಊರಿಗೆ ಹೋಗಿ ಮೂರು ಹೊತ್ತೂ ಹೋಟೆಲಲ್ಲಿ ತಿನ್ನುವುದೆಂದರೇನು? ಬ್ಯಾಡಗಿ ಮೆಣಸಿನ ಪುಡಿ, ಹುಣಸೆಹುಳಿ, ಸ್ವಲ್ಪ ಮೆಂತ್ಯ ಕಟ್ಟಿಕೊಂಡೆ. ತುಪ್ಪ ಮತ್ತು ಕರಿಬೇವು ಬಿಟ್ಟೆ. ಹಾಲಿನ ಪದಾರ್ಥ, ಮಾಂಸ, ಹಸಿ ಎಲೆಗಳನ್ನು ನಮ್ಮ ದೇಶದಿಂದ ಯುರೋಪಿನೊಳಗೆ ಒಯ್ಯಲು ಬಿಡುವುದಿಲ್ಲ. ತವೀರಾ ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋದರೆ ನಮ್ಮ ಬೂತಾಯಿಯ (ಸಾರ್ಡೀನ್) ಜಾತಿಯದೇ ಮೀನು ಸಿಗುತ್ತದೆ. ಕೊತ್ತಂಬರಿ ಸೊಪ್ಪಂತೂ ಧಾರಾಳ, ಅಲ್ಲಿನವರೂ ಅದನ್ನು ಜಾಸ್ತಿ ಬಳಸುತ್ತಾರೆ. ಆ ಅಡುಗೆಮನೆಯಲ್ಲಿ ನಾನು ಮಾಡಿದ ಪುಳಿಮುಂಚಿಗೆ, ಅಂದರೆ ಹುಳಿ-ಖಾರದ ಮೀನಿನ ಸಾರಿಗೆ, ಏನೂ ಕೊರತೆ ಇರಲಿಲ್ಲ.

ಊಟಕ್ಕೆ ಹೊರಗೆ ಹೋಗುವುದಾದರೆ ಮಧ್ಯಾಹ್ನವೇ ಒಳ್ಳೆಯದು. ಆ ದಿನದ ಊಟ ಅಂತ ಬೋರ್ಡ್ ಇರುತ್ತದೆ, ಬೆಲೆಯೂ ಕಮ್ಮಿ. ಕೂತ ಕೂಡಲೇ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ಅದು ಬಿಟ್ಟಿ ಅಲ್ಲ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ವಾಪಸ್ ಕಳಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಾಂತಾ ಲುಜೀಯಾ ಆಕ್ಟೋಪಸ್‌ಗೆ ಹೆಸರಾದ ಊರು. ದಕ್ಕೆಯ ಮೇಲೆ ಆಕ್ಟೋಪಸ್ ಹಿಡಿಯುವ ಮಡಕೆಗಳ ರಾಶಿ. ಮೊದಲು ಮಣ್ಣಿನದು, ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟಿ ಸಮುದ್ರದ ತಳಕ್ಕೆ ಬಿಡುತ್ತಾರೆ. ಎರೆ ಹಾಕಬೇಕಿಲ್ಲ. ಅಡಗಲು ಬಿಲ ಹುಡುಕುವ ಆಕ್ಟೋಪಸ್ ತಾನಾಗಿಯೇ ಒಳಗೆ ಹೋಗಿ ಕೂರುತ್ತದೆ. ಅದನ್ನು ಹಾಕಿ ಮಾಡಿದ ರಸರಸವಾದ ಅನ್ನ ನಮಗಿಬ್ಬರಿಗೂ ಬಹಳ ಹಿಡಿಸಿತು.

ಅಲ್ಲಿ ನಮ್ಮ ದಿನಚರಿ ನಿರ್ಧರಿಸುತ್ತಿದ್ದುದು ಉಬ್ಬರ-ಇಳಿತ. ಅದರ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಇಳಿತದ ಹೊತ್ತಿಗೆ ಬರ್ರೀಲ್ ಬೀಚಿನ ದಾರಿ ಹಿಡಿಯುತ್ತಿದ್ದೆವು. ಹಿನ್ನೀರು ದಾಟಲು ಸೇತುವೆ, ಆಮೇಲೆ ಸುಮಾರು ಒಂದು ಕಿಲೋಮೀಟರ್ ಓಡುವ ಪುಟ್ಟ ರೈಲು. ಅದರಲ್ಲಿ ಕೂರಬೇಡಿ, ಹಳಿಯ ಪಕ್ಕದಲ್ಲೇ ನಡೆಯಿರಿ. ಎರಡೂ ಕಡೆಯ ಕೆಸರಲ್ಲಿ ಸಣ್ಣ ಏಡಿಗಳು. ಗಂಡು ಏಡಿಗೆ ಒಂದು ಕೊಂಬು ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಎತ್ತಿ ಯಾರನ್ನೋ ಕರೆಯುವ ಹಾಗೆ ಬೀಸುತ್ತದೆ. ನಮ್ಮ ಹೆಜ್ಜೆ ಅದುರಿದರೆ ಸಾಕು, ಎಲ್ಲವೂ ಬಿಲದೊಳಗೆ ಮಾಯ. ಅಲ್ಲಾಡದೆ ನಿಂತರೆ ಒಂದೊಂದಾಗಿ ಹೊರಗೆ ಬರುತ್ತವೆ. "ಮಾತಾಡಬೇಡ ಕಣೇ, ಬರ್ತಾ ಇವೆ" ಅಂತ ಇವರು ಪಿಸುಗುಟ್ಟುತ್ತಿದ್ದರು. ಮನೆಯಲ್ಲಿ ಐದು ನಿಮಿಷ ಒಂದೆಡೆ ನಿಲ್ಲದ ಮನುಷ್ಯ! ಬಿಸಿಲೇರಿದ್ದೂ ಗೊತ್ತಾಗದೆ ನಿಂತಿರುತ್ತಿದ್ದರು.

ದಾರಿ ಮುಗಿಯುವಲ್ಲಿ, ಮರಳಿನ ದಿಬ್ಬದ ಮೇಲೆ ತುಕ್ಕು ಹಿಡಿದ ನೂರಾರು ಲಂಗರುಗಳು ಸಾಲಾಗಿ ನೆಟ್ಟಿವೆ. ಇಲ್ಲಿ ಹಿಂದೆ ಟ್ಯೂನಾ ಮೀನುಗಾರಿಕೆ ನಡೆಯುತ್ತಿತ್ತು. ಅಟ್ಲಾಂಟಿಕ್‌ನಿಂದ ಮೊಟ್ಟೆಯಿಡಲು ಮೆಡಿಟರೇನಿಯನ್ ಕಡೆ ಹೊರಟ ಟ್ಯೂನಾಗಳನ್ನು ತಡೆಯಲು ಕಡಲಲ್ಲಿ ದೊಡ್ಡ ಬಲೆ ನಿಲ್ಲಿಸುತ್ತಿದ್ದರು. ಅದು ಕದಲದಂತೆ ಹಿಡಿದಿಟ್ಟದ್ದು ಈ ಲಂಗರುಗಳು. 1960ರ ದಶಕದಲ್ಲಿ ಮೀನು ಬರುವುದು ಕಮ್ಮಿಯಾಗಿ ಕಸುಬೇ ನಿಂತುಹೋಯಿತು. ಕೆಲಸಗಾರರ ಮನೆಗಳಲ್ಲಿ ಈಗ ಕಾಫಿ, ಊಟ ಸಿಗುತ್ತದೆ. ಬಂದವರು ಲಂಗರಿನ ಮುಂದೆ ಸೆಲ್ಫಿ ತೆಗೆದು ಬೀಚಿಗೆ ಓಡುತ್ತಾರೆ. ಇಷ್ಟು ಜನರ ಬದುಕು ಇಲ್ಲಿತ್ತು, ಸ್ವಲ್ಪ ಹೊತ್ತು ನಿಲ್ಲಿ.

ನಾವು ಹೋದದ್ದು ಮೇ ತಿಂಗಳಲ್ಲಿ. ಬಿಸಿಲು ಹಿತ, ಬಾಡಿಗೆ ಕೈಗೆಟುಕುವಂತಿತ್ತು. ಆದರೆ ನೀರು ತಣ್ಣಗೆ ಕೊರೆಯುತ್ತದೆ. ಅರಬ್ಬೀ ಸಮುದ್ರದ ಬೆಚ್ಚಗಿನ ನೀರು ರೂಢಿಯಾದವರಿಗೆ ಮೊಣಕಾಲು ಮುಳುಗುವುದರೊಳಗೆ ಸಾಕಾಗುತ್ತದೆ. ಈಜಲೇಬೇಕು ಅನ್ನುವವರು ಸೆಪ್ಟೆಂಬರ್ ನೋಡಿ. ಜುಲೈ, ಆಗಸ್ಟ್ ಬೇಡವೇ ಬೇಡ, ಆಗ ಯುರೋಪಿನ ಅರ್ಧ ಜನ ಅಲ್ಲೇ ಇರುತ್ತಾರೆ.